ಸೂರ್ಯವಂಶಿ ಅಂದ್ರ ಯಾವ ಮಂದಿ?

"ಏ, ಲೋಟಾ ಮುಟ್ಟಬ್ಯಾಡ. ಬೊಗಸಿ ಹಿಡಿ, ಮ್ಯಾಲಿಂದ ಹಾಕ್ತಾಳ."

ಸಪನಾ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಮುದುಕ ಕಟ್ಟೆಯ ಮೇಲಿನ ಕುರ್ಚಿಯಿಂದ ಏಳಲಿಲ್ಲ. ಅವನ ಸೊಸೆ ತಂಬಿಗೆ ಎತ್ತಿ ಹಿಡಿದು ಕಾಯುತ್ತಿದ್ದಳು. ತುಸು ಹೊತ್ತಿನ ಹಿಂದೆ ಇದೇ ಮುದುಕ, "ಬಾರವ್ವ, ಬಸುರಿ ಹೆಣ್ಮಗಳು ಬಿಸಲಾಗ ನಿಂದರಬ್ಯಾಡ" ಎಂದು ಕರೆದಿದ್ದ. ಆಮೇಲೆ ಯಾವ ಊರು ಎಂದು ಕೇಳಿದ, ಊರಲ್ಲಿ ಯಾವ ಓಣಿ ಎಂದು ಕೇಳಿದ. ಅವಳ ಗಂಡ ಅಶ್ವಜಿತ ಹೇಳಿದ್ದ.

"ನೀರು ಬ್ಯಾಡ್ರಿ. ಖೋಲಿ ತೋರಸ್ರಿ," ಅಂದಳು ಸಪನಾ.

"ಖೋಲಿ ಇಲ್ಲ. ಮಗಳು ಬರಾಕಿ ಇದ್ದಾಳ."

"ಈಗರೆ ಖಾಲಿ ಅದ ಅಂದ್ರಲ್ಲರಿ?"

"ಈಗ ನೆನಪಾಯ್ತು. ನಿಮಗ ಮನಿ ಕೊಟ್ಟು ಬೋರಿನ ನೀರು ನಾ ಯಾರಿಗಿ ಕುಡಸ್ಲಿ? ಸರಕಾರ ಎಲ್ಲಾ ನಿಮಗೇ ಕೊಡ್ತದ. ಇನ್ನ ನಮ್ಮ ಮನಿನೂ ಬೇಕೇನ್ ನಿಮಗ?"

ಅಶ್ವಜಿತ ಕಟ್ಟೆಯ ಕಡೆ ಒಂದು ಹೆಜ್ಜೆ ಇಟ್ಟ. ಸಪನಾ ಅವನ ತೋಳು ಹಿಡಿದು ರಸ್ತೆಗೆ ಎಳೆದುಕೊಂಡು ಬಂದಳು. ಜನವಾಡದ ಬಸ್ಸು ನಿಲ್ಲುವ ಜಾಗದಲ್ಲಿ ಬಾಟಲಿ ನೀರು ಕೊಂಡು ಕುಡಿದಳು. ಉಳಿದದ್ದನ್ನು ಮುಖಕ್ಕೆ ಎರಚಿಕೊಂಡಳು.

"ಮುದಿ ನಾಯಿ, ಅವ್ನೌನ್," ಅಂದ ಅಶ್ವಜಿತ. "ಕೆಡವಿ ಬಡೀಬೇಕಿತ್ತು."

"ಬಡದು ಜೈಲಿಗಿ ಹೋಗು. ನಾ ಹೊಟ್ಟಿ ಹೊತ್ಕೊಂಡು ಬುತ್ತಿ ಕಟ್ಟಿ ತರ್ತೀನಿ," ಅಂದಳು ಸಪನಾ.

ಜನವಾಡದಲ್ಲಿ ಮನೆ ಹುಡುಕಲು ಕಾರಣವಿತ್ತು. ಅಶ್ವಜಿತ ಔರಾದಿನಲ್ಲಿ ಕರೆಂಟಿನ ಗುತ್ತಿಗೆದಾರನ ಕೈಕೆಳಗೆ ಕಂಬ ಹತ್ತುವವನು. ಸಪನಾ ಬೀದರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಅವರ ಊರು ಔರಾದಿನಿಂದ ಇನ್ನೂ ಒಳಗೆ, ಹಳ್ಳದ ಆಚೆ. ಮದುವೆಯಾದಾಗಿನಿಂದ ಅವಳು ಊರಿಂದ ಔರಾದಿಗೆ ಟಂಟಂ ಆಟೋದಲ್ಲಿ, ಔರಾದಿನಿಂದ ಬೀದರಿಗೆ ಬಸ್ಸಿನಲ್ಲಿ, ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಕಾಲ್ನಡಿಗೆಯಲ್ಲಿ ಹೋಗಿಬರುತ್ತಿದ್ದಳು. ತಡವಾದ ದಿನ ಅರ್ಧ ಹಾಜರಿ. ಮುಂಜಾನೆಯ ಬಸ್ಸಿನಲ್ಲಿ ಅವಳಿಗೆ ಸೀಟು ಸಿಕ್ಕಿದ್ದು ಹಬ್ಬಕ್ಕೊಂದು ಸಲ.

ಹೋದ ವರ್ಷವೂ ಅವಳು ಬಸುರಿಯಾಗಿದ್ದಳು. ಆಗಲೂ ಇದೇ ಬಸ್ಸು, ಇದೇ ತಗ್ಗುದಿನ್ನೆಯ ರಸ್ತೆ. ಜನವಾಡ ಇನ್ನೂ ದೂರವಿರುವಾಗಲೇ ಕಂಬಿ ಹಿಡಿದು ನಿಂತವಳ ಕಾಲಗುಂಟ ಬಿಸಿಯಾಗಿ ಇಳಿಯಿತು. ಮೊದಲು ಅವಳಿಗೇ ತಿಳಿಯಲಿಲ್ಲ. ಸೀಟಿನಲ್ಲಿದ್ದ ಹೆಂಗಸು ರಕ್ತ ನೋಡಿ ಚೀರಿದಳು. ಕಂಡಕ್ಟರ್ ಸೀಟಿ ಹೊಡೆದ.

"ಇಳೀರಿ ಬಾಯಿ, ಇಳೀರಿ. ಸೀಟ್ ಎಲ್ಲಾ ಹೊಲಸಾಗ್ತದ."

ಅವಳು ಯಾವ ಸೀಟಿನ ಮೇಲೂ ಕೂತಿರಲಿಲ್ಲ.

"ದವಾಖಾನಿ ಮುಂದ ಬಿಡ್ರಿ ಅಣ್ಣಾ, ಕೈ ಮುಗೀತೀನಿ."

"ಇದು ಬಸ್ಸು, ಅಂಬುಲೆನ್ಸ್ ಅಲ್ಲ. ಮಂದಿಗಿ ಡ್ಯೂಟಿ ಅದಾವ."

ಅವಳಿಗೂ ಡ್ಯೂಟಿ ಇತ್ತು. ತೊಗರಿ ಹೊಲದ ಪಕ್ಕ ಅವಳನ್ನು ಇಳಿಸಿ ಬಸ್ಸು ಹೋಯಿತು. ಕಿಟಕಿಗಳಿಂದ ತಲೆಗಳು ಹಿಂದಕ್ಕೆ ಹೊರಳಿ ನೋಡಿದವು. ಉಳ್ಳಾಗಡ್ಡಿ ಚೀಲ ಹೇರಿಕೊಂಡು ಬರುತ್ತಿದ್ದ ಬಾಬುಮಿಯಾ ಎಂಬ ಮುದುಕ ತನ್ನ ಗೂಡ್ಸ್ ಆಟೋ ನಿಲ್ಲಿಸಿದ. ಚೀಲಗಳ ಮೇಲೆ ತನ್ನ ಚಾದರ ಹಾಸಿ ಅವಳನ್ನು ಮಲಗಿಸಿ, ಹಾರ್ನ್ ಹೊಡೆಯುತ್ತಲೇ ಬೀದರಿಗೆ ತಂದ. ಕೂಸು ಉಳಿಯಲಿಲ್ಲ. ಚಾದರ ತೊಳೆದು ಕೊಡುತ್ತೇನೆಂದರೆ ಬಾಬುಮಿಯಾ, "ಇರ್ಲಿ ಬೇಟಿ, ಹಳೇದು" ಅಂದಿದ್ದ.

ಈ ಸಲ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದಳು. ಬಸ್ಸು ಹತ್ತಬೇಡ. ಹತ್ತಿದರೆ ಹೋದ ಸಲದ್ದೇ ಈ ಸಲವೂ.

ಕೆಲಸ ಬಿಟ್ಟರೆ ಊಟವಿಲ್ಲ. ಅಶ್ವಜಿತನ ಗುತ್ತಿಗೆದಾರ ಕೊಟ್ಟಾಗ ಕೊಟ್ಟ, ಇಲ್ಲದಿದ್ದರೆ ಇಲ್ಲ. ಭಾಲ್ಕಿಯಲ್ಲಿ ಸಪನಾಳ ಅಕ್ಕನ ಮನೆಯಿತ್ತು. ಅಲ್ಲಿಂದ ಬೀದರಿಗೆ ರೈಲು. ರೈಲಿನಲ್ಲಿ ಮೈ ಕುಲುಕುವುದಿಲ್ಲ, ಕಾಲು ಚಾಚಿ ಕೂಡಬಹುದು. ಆದರೆ ರೈಲು ಬೀದರು ಮುಟ್ಟುವಷ್ಟರಲ್ಲಿ ಅವಳ ಪಾಳಿ ಶುರುವಾಗಿರುತ್ತಿತ್ತು. ಅಲ್ಲದೆ ಅಕ್ಕನ ಒಂದೇ ಖೋಲಿಯಲ್ಲಿ ಅಕ್ಕನ ಸಂಸಾರವೇ ಮಗ್ಗುಲು ಬದಲಿಸಲಾಗದೆ ಮಲಗುತ್ತಿತ್ತು. ಜನವಾಡವಾದರೆ ಇಬ್ಬರಿಗೂ ನಡುವೆ, ಬಾಡಿಗೆಯೂ ಕಡಿಮೆ, ಅವಳಿಗೆ ಅರ್ಧ ದಾರಿಯ ಕುಲುಕಾಟವಾದರೂ ತಪ್ಪೀತು ಎಂದುಕೊಂಡಿದ್ದರು. ಜನವಾಡ ಬೊಗಸೆ ಹಿಡಿ ಅಂದಿತು.

"ಬೀದರಿನ್ಯಾಗೇ ನೋಡಾಮು," ಅಂದ ಅಶ್ವಜಿತ. "ನೀ ನಡಕೊಂಡು ಹೋಗು. ಬಸ್ಸು ನಾ ಹತ್ತತೀನಿ. ನನ್ನ ನಡಾ ಗಟ್ಟಿ ಅದ."

ಬೀದರಿನಲ್ಲಿ ನೋಡಿದರು. ನೌಬಾದಿನ ಕಡೆ ಬಾಡಿಗೆ ಕೇಳಿಯೇ ವಾಪಸು ಬಂದರು. ಮೈಲೂರಿನ ಕಡೆ ಕೈಗೆಟಕುವ ಖೋಲಿ ಸಿಕ್ಕಿತು, ಆದರೆ ಸಂಡಾಸಕ್ಕೆ ಹೊರಗಿನ ಬಯಲೇ ಗತಿ. ಚಿದ್ರಿ ರಸ್ತೆಯಲ್ಲಿ ಒಬ್ಬಾಕೆ ಬಾಗಿಲು ಪೂರ್ತಿ ತೆರೆಯದೆ, "ಏನ್ ಮಂದಿ ನೀವು?" ಅಂದಳು. ಹೇಳಿದ ಮೇಲೆ ಸಂದಿಯೂ ಮುಚ್ಚಿತು. ಬಾಬುಮಿಯಾ ಹಳೇ ಶಹರದ ತನ್ನ ಗಲ್ಲಿಯಲ್ಲಿ ಒಂದು ಮಾಳಿಗೆ ಖೋಲಿ ತೋರಿಸಿದ. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಆದರೆ ಮೆಟ್ಟಿಲು ನಿಚ್ಚಣಿಕೆಯಂತಿತ್ತು, ನೀರು ಕೆಳಗಿನಿಂದ ಹೊರಬೇಕು. ಸಪನಾ ಮೊದಲ ಮೆಟ್ಟಿಲಿಗೆ ಕಾಲಿಟ್ಟು ಹೊಟ್ಟೆ ಹಿಡಿದುಕೊಂಡಳು. "ಬ್ಯಾಡ ಬೇಟಿ," ಅಂದ ಬಾಬುಮಿಯಾ. "ಇದು ನಿನಗಲ್ಲ. ಬ್ಯಾರೆ ನೋಡಾಮು."

ಬೇರೆ ತೋರಿಸಿದವನೂ ಅವನೇ. ರಿಂಗ್ ರೋಡಿನ ಆಚೆಯ ಹೊಸ ಬಡಾವಣೆಗೆ ಅವನು ಟೈಲ್ಸ್ ಸಾಗಿಸುತ್ತಿದ್ದ. ಟೈಲ್ಸ್ ಅಂಗಡಿಯ ಸುಮಿತ ತನ್ನ ಮನೆಯ ಕೆಳಗಿನ ಖೋಲಿ ಖಾಲಿ ಇದೆ ಅಂದಿದ್ದ. ಆಸ್ಪತ್ರೆಗೆ ನಡೆದು ಹೋಗುವಷ್ಟೇ ದೂರ. ನೆಲಮಟ್ಟದ ಖೋಲಿ, ಒಳಗೇ ಸಂಡಾಸ, ಬಾಗಿಲಿಗೇ ನಳ.

ಸುಮಿತ ಕಾರು ಒರೆಸುತ್ತ ಕೇಳಿದ. "ಅಡ್ಡಹೆಸರು?"

"ಸೂರ್ಯವಂಶಿ," ಅಂದ ಅಶ್ವಜಿತ.

"ಹಾಂ, ಮರಾಠಾರು. ಕಮಲನಗರದ ಸೂರ್ಯವಂಶಿ ಪಾಟೀಲರು ನಮ್ಮ ಗಿರಾಕಿ ಇದ್ದಾರ. ಒಳ್ಳೆ ಮಂದಿ."

ಅಶ್ವಜಿತ ಬಾಯಿ ತೆರೆದ. ಸಪನಾ ಅವನ ಪಾದದ ಮೇಲೆ ತನ್ನ ಪಾದ ಇಟ್ಟು ಒತ್ತಿದಳು. ಅವನು ಬಾಯಿ ಮುಚ್ಚಿದ. ಅವರು ಸುಳ್ಳು ಹೇಳಲಿಲ್ಲ. ಕೇಳಿದವನೇ ಉತ್ತರವನ್ನೂ ಹೇಳಿಕೊಂಡಿದ್ದ.

ಸಾಮಾನು ತಂದ ದಿನ ಬಾಬಾಸಾಹೇಬರ ಫೋಟೋವನ್ನು, ಬುದ್ಧನ ಮೂರ್ತಿಯನ್ನು ಟವೆಲಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟರು. ಅಶ್ವಜಿತ ಟ್ರಂಕು ನೋಡಿದಾಗಲೆಲ್ಲ ಮುಖ ಬೇರೆ ಕಡೆ ತಿರುಗಿಸುತ್ತಿದ್ದ.

"ಒಳಗ ಬಾಬಾಸಾಹೇಬರಿಗಿ ಉಸುರು ಕಟ್ಲತ್ತದ, ಸಪನಾ."

"ಹೊಟ್ಯಾಗ ಇದ್ದದ್ದು ಉಸುರು ಹಿಡೀಲಿ ಮೊದಲ. ಆಮ್ಯಾಲ ಗ್ವಾಡಿ ತುಂಬ ಹಚ್ಚು."

ಅವಳು ನಡೆದು ಡ್ಯೂಟಿಗೆ ಹೋದಳು, ನಡೆದು ಬಂದಳು. ಕಾಲಿನ ಬಾವು ಇಳಿಯಿತು. ಆಸ್ಪತ್ರೆಯಲ್ಲಿ ಮೊದಲ ಸಲ ಅವಳೇ ಬೇರೆಯವರಿಗಿಂತ ಮುಂಚೆ ಹಾಜರಿರತೊಡಗಿದಳು. ಅಶ್ವಜಿತ ಕತ್ತಲಿರುವಾಗಲೇ ಔರಾದಿನ ಬಸ್ಸು ಹತ್ತುತ್ತಿದ್ದ.

ಮನೆಯ ಮೇಲಿನ ಅಂತಸ್ತಿನಲ್ಲಿ ಸುಮಿತನ ತಾಯಿ ಭೀಮಬಾಯಿ ಇದ್ದಳು. ಮನ್ನಳ್ಳಿಯಲ್ಲಿ ಕುರಿ ಕಾಯ್ದು ಮಗನನ್ನು ಬೆಳೆಸಿದ ಹೆಂಗಸು. ಸಕ್ಕರೆ ಕಾಯಿಲೆಯಿಂದ ಅವಳ ಹಿಮ್ಮಡಿ ಒಡೆದು ಹುಣ್ಣಾಗಿತ್ತು. ವಾಸನೆಗೆ ಸೊಸೆ ಹತ್ತಿರ ಹೋಗುತ್ತಿರಲಿಲ್ಲ. ಸಪನಾ ಡ್ಯೂಟಿಯಿಂದ ಬಂದು, ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೀವು ಒತ್ತಿ ತೆಗೆದು, ತೊಳೆದು, ಪಟ್ಟಿ ಕಟ್ಟುತ್ತಿದ್ದಳು. ಭೀಮಬಾಯಿ ಅಲ್ಲೇ ಕೂತು ಅವಳ ಕೈಯ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದಳು.

"ನಮ್ಮವ್ವನ ಕೈ ಅದ ನಿಂದು," ಅನ್ನುತ್ತಿದ್ದಳು. "ಕುರಿ ಹೊಡ್ಕೊಂಡು ಈ ಶಹರಕ್ಕ ಬಂದಾಗ ಯಾರೂ ಕಟ್ಟಿ ಮ್ಯಾಲ ಕೂಡ್ಸಕೊಳ್ಳಿಲ್ಲ ತಂಗಿ ನಮಗ. ಕುರಿ ನಾತ ಬರ್ತದ ಅಂತಿದ್ರು. ಈಗ ನೋಡು, ನನ್ನ ಮನಿಗಿ ನಾಕ್ ಕಡಿ ಕಟ್ಟಿ ಅವ."

ಆಗೊಮ್ಮೆ ಸಪನಾಳಿಗೆ ಹೇಳಿಬಿಡಬೇಕು ಅನಿಸಿತು. ಭೀಮಬಾಯಿ ಅಷ್ಟರಲ್ಲಿ ಇನ್ನೊಂದು ರೊಟ್ಟಿ ಕೇಳಿದಳು.

ಏಳು ತಿಂಗಳು ತುಂಬಿದಾಗ ಊರಿನಿಂದ ಅತ್ತೆ ಮಹಾಮಾಯಾ ಬಂದಳು. ಬಿಳಿ ಸೀರೆ, ಎತ್ತರದ ದನಿ. ಬೌದ್ಧ ದೀಕ್ಷೆ ತೆಗೆದುಕೊಂಡ ತಂದೆಯ ಮಗಳು. ಹೆಸರು ಇಟ್ಟವನೂ ಆ ತಂದೆಯೇ. ಟ್ರಂಕು ತೆರೆದವಳಿಗೆ ಟವೆಲು ಸಿಕ್ಕಿತು, ಟವೆಲಿನೊಳಗೆ ಫೋಟೋ ಸಿಕ್ಕಿತು.

"ಇದೇನೇ ಇದು? ಹೆಣ ಸುತ್ತಿದಂಗ ಸುತ್ತೀರಿ?"

"ಅತ್ತಿ, ಕೂಸು ಹುಟ್ಟೂ ತನಕ ಸುಮ್ಕಿರ್ರಿ. ನಿಮ್ಮ ಕಾಲಿಗಿ ಬೀಳ್ತೀನಿ."

ಮಹಾಮಾಯಾ ಸೊಸೆಯ ಹೊಟ್ಟೆ ನೋಡಿದಳು. ಟವೆಲು ಮತ್ತೆ ಸುತ್ತಿದಳು.

ಮರುದಿನ ನಳದ ಹತ್ತಿರ ಎದುರು ಮನೆಯಾಕೆ ಮಾತಿಗೆಳೆದಳು. ನಿಮ್ಮ ಮನೆದೇವರು ಯಾವುದು, ತುಳಜಾಪುರವೋ, ಜೇಜೂರಿಯೋ ಎಂದು ಕೇಳಿದಳು. ಮಹಾಮಾಯಾ ಕೊಡ ಕೆಳಗಿಟ್ಟಳು. ಸುಮ್ಮನಿರುವುದು ಬೇರೆ, ಇನ್ನೊಬ್ಬರ ದೇವರನ್ನು ತನ್ನದೆನ್ನುವುದು ಬೇರೆ.

"ನಾವು ಬೌದ್ಧರು, ಬಾಯಿ. ಬಾಬಾಸಾಹೇಬರ ಮಂದಿ. ನಮಗ ಮನಿದೇವರಿಲ್ಲ."

ಎದುರು ಮನೆಯಾಕೆಯ ಕೊಡ ತುಂಬಿ ಹರಿಯಿತು. ಅವಳು ಅದನ್ನು ಅಲ್ಲೇ ಬಿಟ್ಟು ಸುಮಿತನ ಮೆಟ್ಟಿಲು ಹತ್ತಿದಳು.

ಮಧ್ಯಾಹ್ನ ಸಪನಾ ಬಿಳಿ ಸಮವಸ್ತ್ರದಲ್ಲೇ ಗಲ್ಲಿ ತಿರುಗಿದಾಗ ಮೊದಲು ಕಂಡದ್ದು ರಸ್ತೆಯ ಮೇಲೆ ಬಿದ್ದ ತನ್ನ ಹಾಸಿಗೆ. ಆಮೇಲೆ ಪಾತ್ರೆ, ಹಿಟ್ಟಿನ ಡಬ್ಬಿ, ಕೂಸಿಗೆಂದು ಹೊಲಿದಿದ್ದ ಕುಂಚಿಗೆ. ಫೋಟೋದ ಗಾಜು ಒಡೆದಿತ್ತು. ಮಹಾಮಾಯಾ ಅದನ್ನು ಎದೆಗವಚಿಕೊಂಡು ಟ್ರಂಕಿನ ಮೇಲೆ ಕೂತಿದ್ದಳು. ಅವಳ ಬಿಳಿ ಸೆರಗಿಗೆ ಬೆರಳಿನ ರಕ್ತ ಹತ್ತಿತ್ತು. ಒಳಗೆ ಸುಮಿತ ಪ್ಯಾಂಟು ಮಡಚಿ, ಪೈಪು ಹಿಡಿದು ಖೋಲಿ ತೊಳೆಯುತ್ತಿದ್ದ. ಫಿನಾಯಿಲಿನ ನೀರು ಹೊಸ್ತಿಲು ದಾಟಿ ಅವಳ ಚಪ್ಪಲಿಯವರೆಗೆ ಬಂತು.

"ಏನ್ ಮಾಡ್ಲತ್ತೀರಿ ಇದು?"

"ಬಂದ್ಯಾ ರಂಡಿ? ಮೋಸ ಮಾಡಿ ಹೊಕ್ಕೀರಿ ನನ್ನ ಮನಿ. ಸೂರ್ಯವಂಶಿ ಅಂತ! ಹೊಲೇರು ಅಂತ ಹೇಳಿದ್ರ ಅಂಗಳಕ್ಕೂ ಬಿಟ್ಟಕೊಳ್ತಿದ್ದಿಲ್ಲ."

"ನಮ್ಮ ಅಡ್ಡಹೆಸರು ಸೂರ್ಯವಂಶಿನೇ ಅದ. ಮರಾಠಾ ಅಂದವರು ನೀವು. ನಾವಲ್ಲ."

"ನಮ್ಮವ್ವಗ ನಿನ್ನ ಕೈಲೆ ಉಣಿಸಿದಿ. ಮುದುಕಿ ಬಾಯಿ ಹೊಲಸು ಮಾಡಿದಿ."

"ನಿಮ್ಮವ್ವನ ಹುಣ್ಣಿನ್ಯಾಗ ಹುಳ ಬಿದ್ದಿದ್ವು. ನಾ ತೆಗದೀನಿ, ಇದೇ ಕೈಲೆ. ಆಗ ಹೊಲಸಾಗಿಲ್ಲೇನು ನಿಮ್ಮ ಮನಿ? ನೀ ಒಮ್ಮೆರೆ ಮುಟ್ಟಿಯೇನು ಆ ಕಾಲು?"

ಸುಮಿತ ಪೈಪು ಅವಳತ್ತ ತಿರುಗಿಸಿದ. ನೀರು ಅವಳ ಎದೆಗೆ, ಹೊಟ್ಟೆಗೆ ಬಡಿಯಿತು. ಅವಳು ಎರಡೂ ಕೈಯಿಂದ ಹೊಟ್ಟೆ ಮುಚ್ಚಿ ತಿರುಗಿ ನಿಂತಳು, ಬೆನ್ನು ಕೊಟ್ಟಳು. ಗಲ್ಲಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು, ಮೇಲಿನ ಕಿಟಕಿಯಲ್ಲಿ ಭೀಮಬಾಯಿ. ಯಾರೂ ಹೊಸ್ತಿಲು ಬಿಟ್ಟು ಇಳಿಯಲಿಲ್ಲ.

ಮಹಾಮಾಯಾ ಎದ್ದು ಬಂದಳು. "ಹಾಟ್ಯಾ! ಬಸುರಿಗಿ ನೀರ್ ಹೊಡೀತಿ? ನಿಮ್ಮವ್ವ ನಿನಗ ಹಡೆದಾಳೋ, ಬಚ್ಚಲದಾಗ ಸಿಕ್ಕೀಯೋ?"

ಸುಮಿತ ಗೇಟು ಎಳೆದು ಕೀಲಿ ಹಾಕಿದ.

ಸಪನಾ ಫೋನು ಮಾಡಿದಾಗ ಔರಾದಿನಲ್ಲಿ ಕಂಬದ ಮೇಲಿದ್ದ ಅಶ್ವಜಿತ ಎತ್ತಲಿಲ್ಲ; ಬಾಬುಮಿಯಾ ಎತ್ತಿದ, ಆಟೋ ತಂದ. ಸಾಮಾನು ನೋಡಿದ, ಸಪನಾಳ ಒದ್ದೆ ಬಟ್ಟೆ ನೋಡಿದ. "ಚಲೋ ಬೇಟಿ. ನಮ್ಮ ಮನಿಗಿ ಹೋಗಾಮು. ಕೆಳಗಿನ ಖೋಲಿ ನಿಮಗ ಬಿಟ್ಟು ನಾವು ಮುದುಕ ಮುದುಕಿ ಮ್ಯಾಲ ಹತ್ತತೀವಿ."

"ಎಷ್ಟು ಮಂದಿಗಿ ಹತ್ತಸ್ಲಿ ಚಾಚಾ ನಾ?" ಅಂದಳು ಸಪನಾ. "ಬಸ್ಸಿನ್ಯಾಗಿಂದ ಇಳಿ ಅಂದ್ರು, ಇಳದೀನಿ. ಬೊಗಸಿ ಹಿಡಿ ಅಂದ್ರು, ಎದ್ದು ಬಂದೀನಿ. ಹೋದ ಸಲ ಇಳದಿದ್ದಕ್ಕ ಕೂಸು ಹೋಯ್ತು. ಈ ತಿಂಗಳದ್ದು ಕಿರಾಯಿ ಕೊಟ್ಟೀನಿ. ನಾ ಎಲ್ಲಿಗೂ ಹೋಗಂಗಿಲ್ಲ."

ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರು. ಅಲ್ಲಿಂದ ಇಟ್ಟಿಗೆ ತಂದು ಸುಮಿತನ ಗೇಟಿನ ಮುಂದೆ ನಡುಮಧ್ಯೆ ಒಲೆ ಹೂಡಿದಳು. ಬಾಬುಮಿಯಾ ಆಟೋ ಬಂದ್ ಮಾಡಿ, ಕಟ್ಟಿಗೆ ಚಕ್ಕೆ ಆರಿಸಿ ತಂದು ಹಾಕಿದ. ಮಹಾಮಾಯಾ ಉಳಿದ ಜೋಳದ ಹಿಟ್ಟು ಗೋರಿ ಕಲಸಿದಳು. ಹೊಗೆ ಎದ್ದು ಸುಮಿತನ ಹೊಸ ಗಾಜಿನ ಕಿಟಕಿಗಳಿಗೆ ಬಡಿಯಿತು. ಸಪನಾ ನೆಲಕ್ಕೆ ಕೂತು, ಕಾಲು ಅಗಲಿಸಿ, ಹೊಟ್ಟೆಗೆ ಜಾಗ ಮಾಡಿಕೊಂಡು ರೊಟ್ಟಿ ಬಡಿಯತೊಡಗಿದಳು. ಟಪ್ ಟಪ್ ಸದ್ದು ಗಲ್ಲಿಯ ತುದಿಯವರೆಗೆ ಹೋಯಿತು.

ಸುಮಿತ ಪೊಲೀಸರಿಗೆ ಫೋನು ಮಾಡಿದ. ಬಿಸಿಲು ಇಳಿಯುವ ಹೊತ್ತಿಗೆ ಒಬ್ಬ ಪೇದೆ ಮೋಟರ್‌ಸೈಕಲ್ ಮೇಲೆ ಬಂದ.

"ಏಳವ್ವ, ಏಳು. ರಸ್ತಾ ಮ್ಯಾಲ ಒಲಿ ಹಚ್ಚತಾರೇನು?"

"ಮನಿಯಾಗ ಹಚ್ಚತಿದ್ದೆ ಸಾಹೇಬ್ರ. ಅವ ಹೊರಗ ಒಗದಾನ. ಜಾತಿ ಹಿಡದು ಬೈದಾನ, ಹೊಟ್ಟಿ ಮ್ಯಾಲ ನೀರ್ ಹೊಡದಾನ. ಬರಕೊಳ್ರಿ ಕೇಸು."

"ಕಿರಾಯಿ ಝಗಡಾಕ್ಕ ಎಲ್ಲಿ ಕೇಸು? ಕಾಂಪ್ರಮೈಜ್ ಮಾಡ್ಕೊಳ್ರಿ. ಅವ ಜಾತಿ ಹಿಡದು ಬೈದಿದ್ದು ಯಾರ್ ಕೇಳ್ಯಾರ?"

ಸಪನಾ ಎದುರು ಮನೆಯತ್ತ ನೋಡಿದಳು. ಬಾಗಿಲು ಮುಚ್ಚಿತು. ಅದರ ಪಕ್ಕದ್ದೂ ಮುಚ್ಚಿತು. ಅವಳು ತಲೆ ಎತ್ತಿದಳು. ಮೇಲಂತಸ್ತಿನ ಕಿಟಕಿಯಲ್ಲಿ ಭೀಮಬಾಯಿ ನಿಂತಿದ್ದಳು.

"ಆಯೀ," ಕೂಗಿದಳು ಸಪನಾ. "ನೀವು ಅಲ್ಲೇ ಇದ್ರಿ. ನೀವು ಕೇಳೀರಿ. ಹೇಳ್ರಿ ಇವ್ರಿಗಿ."

ಭೀಮಬಾಯಿಯ ತುಟಿ ಅಲುಗಿತು. ಕೆಳಗಿನಿಂದ ಸುಮಿತ, "ಅವ್ವಾ, ಒಳಗ ನಡಿ!" ಎಂದು ಅರಚಿದ. ಮುದುಕಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಪಟ್ಟಿ ಕಟ್ಟಿದ ಕಾಲನ್ನು ಎಳೆದುಕೊಂಡು ಒಳಗೆ ಹೋದಳು. ಕಿಟಕಿ ಖಾಲಿಯಾಯಿತು.

ಪೈಪಿನ ನೀರು ಬಡಿದಾಗ ಬಾರದ ಅಳು ಸಪನಾಳಿಗೆ ಈಗ ಬಂತು. ಹಿಟ್ಟು ಮೆತ್ತಿದ ಮುಂಗೈಯಿಂದ ಕಣ್ಣೊರೆಸಿಕೊಂಡು ಇನ್ನೊಂದು ಉಂಡೆ ಮುರಿದಳು.

"ನೋಡಿದ್ಯಾ? ಯಾರೂ ಇಲ್ಲ," ಅಂದ ಪೇದೆ. "ಸುಮ್ಕ ಎದ್ದು ಹೋಗು. ನಿಮ್ಮ ಮಂದಿ ಕಾಲೋನಿಯಾಗ ನಾನೇ ಒಂದ್ ಖೋಲಿ ನೋಡ್ತೀನಿ."

"ನಾಳಿ ಮುಂಜಾನಿ ನನ್ನ ಡ್ಯೂಟಿ ಅದ. ಇಲ್ಲಿಂದ ನಡಕೊಂಡು ಹೋಗ್ತೀನಿ, ಇಲ್ಲಿಗೇ ಬರ್ತೀನಿ. ಕೂಸೂ ಇಲ್ಲೇ ಹಡೀತೀನಿ, ಈ ಗೇಟಿನ ಮುಂದ. ಎಬ್ಬಸ್ಬೇಕಂದ್ರ ಮುಟ್ಟಿ ಎಬ್ಬಸ್ರಿ. ಮುಟ್ತೀರೇನು?"

ಪೇದೆ ಲಾಠಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

ಗೇಟಿನ ಕೀಲಿ ಸದ್ದಾಯಿತು. ಎರಡೂ ಬಾಗಿಲು ಹಾರುಹೊಡೆದವು. ಒಳಗೆ ಕಾರು ಗುರುಗುಟ್ಟಿತು. ಸುಮಿತ ಗಾಜು ಇಳಿಸಿ ತಲೆ ಹೊರಗೆ ಹಾಕಿದ.

"ಸರೀತಿಯೋ, ಮೈ ಮ್ಯಾಲ ಹಾಯಸ್ಲ್ಯೋ?"

ಹಾರ್ನ್ ಹಿಡಿದುಕೊಂಡೇ ಕಾರು ಮುಂದೆ ಬಂತು. ಅಂಗಳ ದಾಟಿತು, ಗೇಟಿನ ಗೆರೆ ದಾಟಿತು. ಬಾಬುಮಿಯಾ ಓಡಿ ಬಂದು ಬಾನೆಟ್ಟಿಗೆ ಎರಡೂ ಕೈ ಊರಿ ನಿಂತ. ಅವನ ಚಪ್ಪಲಿ ಮಣ್ಣಿನಲ್ಲಿ ಹಿಂದಕ್ಕೆ ಜಾರುತ್ತಿತ್ತು. ಮಹಾಮಾಯಾ ಬಂದು ಸೊಸೆಯ ಬೆನ್ನಿಗೆ ಬೆನ್ನು ಹಚ್ಚಿ ಕೂತಳು. ಪೇದೆ "ಏ, ಏ, ಸುಮಿತ್!" ಅಂದ, ಇದ್ದಲ್ಲಿಂದ ಕದಲಲಿಲ್ಲ. ಕಾರಿನ ಮೂತಿ ಒಲೆಯ ಇಟ್ಟಿಗೆಗೆ ತಾಗಿ, ಒಂದು ಇಟ್ಟಿಗೆ ಉರುಳಿ, ಕೆಂಡ ಚೆದುರಿತು; ಕಾರು ಅಲ್ಲೇ ಗುರುಗುಡುತ್ತ ನಿಂತಿತು.

ಸಪನಾ ಬಗ್ಗಿ ಇಟ್ಟಿಗೆಯನ್ನು ಮತ್ತೆ ನಿಲ್ಲಿಸಿದಳು. ಕೆಂಡಗಳನ್ನು ಬರಿಗೈಯಿಂದ ಒಳಗೆ ತಳ್ಳಿದಳು. ಹಂಚಿನ ಮೇಲಿದ್ದ ರೊಟ್ಟಿ ಹೊತ್ತುವುದರಲ್ಲಿತ್ತು. ಅದನ್ನು ತಿರುವಿ ಹಾಕಿದಳು.